ಬೊಂಬೆಯೊಳಗಿನ ಕೈ

ಕೋಡಿಬಾಗದ ನಮ್ಮ ಓಣಿಯಲ್ಲಿ ನಮ್ಮದೂ ಸೇರಿ ಎರಡೇ ಮನೆಗಳಲ್ಲಿ ಸಿ.ಡಿ. ಪ್ಲೇಯರ್ ಇದ್ದ ದಿನಗಳವು. ಮಳೆಗೆ ಶಾಲೆ ರಜೆಯಾದರೆ ಅಂಗಡಿಯಿಂದ ಸಿನೆಮಾ ಬಾಡಿಗೆಗೆ ತರುತ್ತಿದ್ದೆವು. ನಡುವೆ ಚಿತ್ರ ನಿಂತರೆ ಸಿ.ಡಿ.ಯನ್ನು ಲಂಗದ ಅಂಚಿನಿಂದ ಒರೆಸಿ ಮತ್ತೆ ಹಾಕುವುದು.

ಹಾಗೆ ಬಂದದ್ದು ಆ ಬೊಂಬೆ ಸಿನೆಮಾ. ಇಡೀ ಕಥೆಯಲ್ಲಿ ಒಬ್ಬ ಮನುಷ್ಯನೂ ಇಲ್ಲ. ಇಂಗ್ಲಿಷ್ ಮಾತು ನಮಗೆ ತಿಳಿಯುತ್ತಿರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಒಂದು ತಾಯಿಹಕ್ಕಿ ತನ್ನ ಎದೆಯ ಬೆಳಕನ್ನು ಮರಿಗೆ ಕೊಟ್ಟು ನೀರಿಗೆ ಬೀಳುತ್ತಿತ್ತು. ಕೊನೆಗೆ ಅದೇ ನೀರಿನಿಂದ ಹೊಳೆಯುತ್ತ ಎದ್ದು ಬರುತ್ತಿತ್ತು. ಬಟ್ಟೆಯ ಮುಖ, ರೆಪ್ಪೆ ಅಲುಗುವುದಿಲ್ಲ. ಆದರೂ ಕತ್ತು ಇಷ್ಟೇ ಓರೆಯಾದರೆ ದುಃಖ ಕಾಣುತ್ತಿತ್ತು.

ಜೊತೆಗೆ ನೋಡುತ್ತಿದ್ದವಳು ಶ್ಯಾಮಲಿ, ಅಂಕೋಲೆಯ ಕಾಕಾನ ಮಗಳು, ಆರು ವರ್ಷದವಳು. ಆ ಬೇಸಿಗೆಯಲ್ಲಿ ಅವಳ ತಾಯಿ, ನಮ್ಮ ಕಾಕಿ, ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು. ಹಕ್ಕಿ ಬಿದ್ದಾಗ ತನ್ನ ಪಾಲಿನ ಪಾತೋಳಿ ಕಡುಬಿನಲ್ಲಿ ಅರ್ಧ ಮುರಿದು, ಅರಿಶಿನ ಎಲೆಯ ಸಮೇತ ಟಿವಿಯ ಮುಂದೆ ಇಟ್ಟಳು.

"ಎಂತದೇ ಅದು?"

"ಹಕ್ಕಿಗೆ ಎಡೆ. ಸತ್ತೋರಿಗೆ ಇಡ್ಬೇಕು ಅಲ್ದಾ ಅಕ್ಕ? ಉಂಡ್ಕಂಡು ವಾಪಸ್ ಬರ್ತದೆ. ನನ್ ಆಯಿನೂ ಹಂಗೇ ಬರ್ತದೆ."

ನಾನು ನಕ್ಕೆ. ಚಿತ್ರವನ್ನು ಹಿಂದಕ್ಕೋಡಿಸಿ ನಿಲ್ಲಿಸಿದೆ. "ಇಲ್ನೋಡು ಪೆದ್ದಿ, ರೆಕ್ಕೆ ಕೆಳಗೆ. ಮನುಷ್ಯರ ಕೈ. ಕೈ ತೆಗೆದ್ರೆ ಬರೀ ಬಟ್ಟೆ. ಬಟ್ಟೆ ಎಂತ ಉಣ್ತದೆ?"

ರೆಕ್ಕೆಯ ಸಂದಿನಲ್ಲಿ ಮಣಿಕಟ್ಟು ಕಂಡಿತ್ತೆಂದೇ ನನ್ನ ನೆನಪು. ಗೀರುಬಿದ್ದ ಸಿ.ಡಿ.ಯಿಂದ ಒಡೆದ ಚಿತ್ರದ ಚೌಕುಳಿಗಳಲ್ಲಿ ಕಲ್ಪಿಸಿಕೊಂಡೆನೋ ಏನೋ. ಈಚೆಗೆ ಮತ್ತೆ ನೋಡಿದಾಗ ಎಲ್ಲೂ ಸಿಗಲಿಲ್ಲ. ಯಾಕೆ ಹಾಗೆ ಮಾಡಿದೆ? ಆಗೆಲ್ಲ ನನ್ನ ತಾಯಿ ಅವಳ ಜಡೆಯನ್ನೇ ಮೊದಲು ಹೆಣೆಯುತ್ತಿದ್ದಳು. ಅದು ಕಾರಣವೋ, ಈಗ ಹುಡುಕಿಕೊಂಡ ನೆಪವೋ ಹೇಳಲಾರೆ. ಅವಳು ಅಳಲಿಲ್ಲ ಎಂಬುದು ಮಾತ್ರ ಖಚಿತ. ಪಾತೋಳಿಯನ್ನು ಎತ್ತಿಕೊಂಡು ತಿಂದುಬಿಟ್ಟಳು.

ಪಿತೃಪಕ್ಷದಲ್ಲಿ ಅಜ್ಜಿ ಕಾಕಿಗೆ ಹಿತ್ತಲಲ್ಲಿ ಎಡೆ ಇಟ್ಟು ಕಾಗೆಯನ್ನು ಕರೆದಳು. ಕಾಕಾ ತಲೆಬಾಗಿ ನಿಂತಿದ್ದ. ಶ್ಯಾಮಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಜ್ಜಿ, ಬಟ್ಟೆಗೆ ಯಾಕೆ ಊಟ?"

"ಯಾರು ಹೇಳ್ಕೊಟ್ರೇ ನಿಂಗೆ ಹೀಂಗೆ?"

ಅವಳು ನನ್ನನ್ನೊಮ್ಮೆ ನೋಡಿದಳು. "ಯಾರೂ ಇಲ್ಲ" ಅಂದಳು. ನಾನೂ ಬಾಯಿ ಬಿಡಲಿಲ್ಲ.

ಸಿ.ಡಿ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಆ ಸಿನೆಮಾ ಈಗ ನನ್ನ ಫೋನಿನಲ್ಲೇ ಇದೆ. ಒಂದು ಕತ್ತನ್ನು ಅಷ್ಟು ಓರೆಮಾಡಲು ಎಷ್ಟು ಜನ ಬೊಂಬೆಯ ಕೆಳಗೆ ಮಂಡಿಯೂರಿ ಕೂತಿದ್ದರೋ ಎಂದು ಬೆರಗಾಗುತ್ತೇನೆ. ಆ ಜಾಣತನಕ್ಕೆ ತಲೆದೂಗುವುದು ಕಲಿತಿದ್ದೇನೆ. ಆ ಹಕ್ಕಿಗೆ ತಿಂಡಿ ಉಳಿಸುವವರು ಈಗ ಮನೆಯಲ್ಲಿ ಯಾರೂ ಇಲ್ಲ.

ಅಜ್ಜಿ ಹೋದ ಮೇಲೆ ಕಾಕಿಯ ಎಡೆಯನ್ನು ನಾನೇ ಇಡುತ್ತೇನೆ. ಶ್ಯಾಮಲಿ ಅಂಕೋಲೆಯಿಂದ ಬರುತ್ತಾಳೆ, ಅಡುಗೆಗೆ ಕೈಜೋಡಿಸುತ್ತಾಳೆ, ಹಿತ್ತಲಿಗೆ ಮಾತ್ರ ಬರುವುದಿಲ್ಲ. "ನೀನೇ ಇಡು ಅಕ್ಕ" ಎಂದು ಒಳಗೆ ಕೂರುತ್ತಾಳೆ. ಕಾಗೆ ಬರುತ್ತದೆ, ಮುಟ್ಟುತ್ತದೆ. ಬಂತು ನೋಡೇ ಎಂದು ಅವಳನ್ನು ಕೂಗಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ.