ರಾಚಮ್ಮನ ಕೈಯ ಚೇಳು

ಆ ಸಿನಿಮಾದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಆ ಕಂಪನಿಯವರಿಗೆ ಇನ್ನೊಂದು ಡಿಸ್ಕ್ ಮಾರಾಟವಾಗುತ್ತದೆ. ಆ ಪುಣ್ಯ ನನ್ನ ಬಾಯಿಂದ ಅವರಿಗೆ ಬೇಡ.

ನಾನು ಶಾಂತರಾಜು. ಯಳಂದೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕಾಲದಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಆಮೇಲೆ ಸಿಡಿ, ಆಮೇಲೆ ಡಿವಿಡಿ. ಈಗ ಮೊಬೈಲ್ ರಿಪೇರಿ, ಜೊತೆಗೆ ಯಾರದಾದರೂ ಹಳೆಯ ಮದುವೆ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಕೆಲಸ. ಹೊಸದೊಂದು ಬಂದಾಗಲೆಲ್ಲ ‘ಇದಕ್ಕಿಂತ ಚೆನ್ನಾಗಿ ಇನ್ನು ಕಾಣಿಸೋಕೆ ಸಾಧ್ಯವೇ ಇಲ್ಲ’ ಅಂದರು. ನಾನೂ ಪೆದ್ದನ ಹಾಗೆ ನಂಬಿ ಕಪಾಟು ಖಾಲಿ ಮಾಡಿದೆ. ನನ್ನ ಕಥೆ ಹಾಳಾಗಲಿ ಬಿಡಿ. ಹೇಳಬೇಕಾದ್ದು ಪಕ್ಕದ ಊರು ಅಗರದ ರಾಚಮ್ಮನ ವಿಷಯ.

ರಾಚಮ್ಮ ಕೆಂಚಯ್ಯನ ಹೆಂಡತಿ. ಅಗರದ ಸುತ್ತ ಅವಳು ನಾಟಿ ಹಾಕದ ಗದ್ದೆ ಇಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಸಿನಿಮಾದವರು ನಾಟಿಯ ಹಾಡೊಂದನ್ನು ತೆಗೆಯಲು ಅಗರಕ್ಕೆ ಬಂದರು. ನಾಯಕಿ ಬದುವಿನವರೆಗೆ ಬಂದಳು, ಕೆಸರಲ್ಲಿ ಓಡಾಡುತ್ತಿದ್ದ ಏಡಿ ನೋಡಿ ಕಿಟಾರನೆ ಕಿರುಚಿದಳು, ಮತ್ತೆ ಕಾರಿನಿಂದ ಇಳಿಯಲೇ ಇಲ್ಲ. ಅವಳ ಮುಖದ ಚಿತ್ರವನ್ನು ಆಮೇಲೆ ಬೇರೆಲ್ಲೋ ತೆಗೆದುಕೊಂಡರಂತೆ. ಕೈಗೆ ಮಾತ್ರ ಬೇರೆ ಕೈ ಬೇಕಾಯಿತು. ಸಾಲಾಗಿ ಬಗ್ಗಿದ್ದ ಹೆಂಗಸರಲ್ಲಿ ರಾಚಮ್ಮನನ್ನು ಕರೆದು, ನಾಯಕಿಯ ಹಸಿರು ಬಳೆ ತೊಡಿಸಿ, ಪೈರು ನೆಡಿಸಿ ಚಿತ್ರ ತೆಗೆದರು. ಸಿನಿಮಾ ಓಡಿತು. ನಾಯಕಿಯ ಕೈ ಎಷ್ಟು ಲಾಲಿತ್ಯದಿಂದ ಪೈರು ನೆಡುತ್ತದೆ ಎಂದು ಪತ್ರಿಕೆಯಲ್ಲಿ ಬರೆದವರೂ ಇದ್ದಾರೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ!

ಆದರೆ ರಾಚಮ್ಮನ ಹತ್ತಿರ ಒಂದು ಗುರುತಿತ್ತು. ಬಲಗೈ ಮಣಿಕಟ್ಟಿನ ಹಿಂದೆ, ಕೊಂಡಿ ಎತ್ತಿದ ಒಂದು ಚೇಳಿನ ಹಚ್ಚೆ. ಹುಡುಗಿಯಾಗಿದ್ದಾಗ ಅವಳ ಅವ್ವ ಹಾಕಿಸಿದ್ದು. “ಒಡವೆ ಕಿತ್ಕೋಬೋದು, ಸೀರೆ ಕಿತ್ಕೋಬೋದು. ಅಚ್ಚೆ ಕಿತ್ಕಳಕಾಗಕಿಲ್ಲ ಕಣಪ್ಪ. ಸತ್ರೂ ಜೊತೇಲೇ ಬತ್ತದೆ” ಎನ್ನುತ್ತಿದ್ದಳು.

ಸಿನಿಮಾದ ಕೈ ರಾಚಮ್ಮನದು ಎಂದು ಒಪ್ಪದವಳು ಊರಲ್ಲಿ ಒಬ್ಬಳೇ, ಪುಟ್ಟಬಸಮ್ಮ. ಕೆಂಚಯ್ಯನ ತಮ್ಮನ ಹೆಂಡತಿ, ರಾಚಮ್ಮನ ವಾರಗಿತ್ತಿ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆವತ್ತು ಅವಳೂ ಅದೇ ಗದ್ದೆಯಲ್ಲಿದ್ದಳು. ಸಿನಿಮಾದಲ್ಲಿರುವುದು ತನ್ನ ಕೈ ಎಂದು ಅವಳ ವಾದ. ಹಾಗಾದರೆ ಚೇಳು ಎಲ್ಲಿಂದ ಬಂತು ಅಂದರೆ, “ಚೇಳೂ ಇಲ್ಲ, ಜರೀನೂ ಇಲ್ಲ. ಅದು ಕೆಸರು. ಗದ್ದೇಲಿ ಕೈಗೆ ಕೆಸರಾಗ್ದೆ ಗಂಧ ಆಯ್ತದಾ?” ಎನ್ನುವಳು.

ಈ ಜಗಳಕ್ಕೆ ನ್ಯಾಯಸ್ಥಾನ ನನ್ನ ಅಂಗಡಿ. ಕ್ಯಾಸೆಟ್ ಕಾಲದಲ್ಲಿ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಿದ್ದರು. “ಅಲ್ಲೇ ನಿಲ್ಸಪ್ಪ!” ಎಂದು ರಾಚಮ್ಮ ಕೂಗಿದ ಕೂಡಲೇ ನಾನು ನಿಲ್ಲಿಸುವೆ. ನಿಲ್ಲಿಸಿದರೆ ಚಿತ್ರ ನಡುಗುತ್ತದೆ, ಮೇಲೆ ಕೆಳಗೆ ಗೆರೆ ಓಡುತ್ತದೆ, ಕೈಯ ಮೇಲೆ ಒಂದು ಮಸುಕು ಅಷ್ಟೇ. ಆಮೇಲೆ ಸಿಡಿ ಬಂತು. ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದಂತೆ ಎಂದು ರಾಚಮ್ಮ ಅದನ್ನು ಕೊಂಡಳು. ಅದರಲ್ಲಿ ಚೇಳು ಚೌಕ ಚೌಕವಾಗಿ ಒಡೆದಿತ್ತು. ಕೊಂಡಿ ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. “ಚಕ್ಕುಲಿ ಚೂರು ಕಣವ್ವ ಅದು” ಎಂದು ಪುಟ್ಟಬಸಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ರಾಚಮ್ಮ ಮಾತ್ರ ಆ ಸಿಡಿಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

ಒಂದು ಸಲ ನಾನೇ ಕೇಳಿದ್ದೆ. “ಯಾಕ್ ರಾಚಕ್ಕ ಇಷ್ಟೊಂದು ಅಟ? ಯಾರ ಕೈ ಆದ್ರೇನು?”

ಅವಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. “ನಾನು ನಾಟಿ ಆಕಿದ್ ಗದ್ದೆ ಎಲ್ಲಾ ಆ ವರ್ಸವೇ ಕುಯ್ಲಾಗೋಯ್ತು ಕಣಪ್ಪ. ಯಾರುಂಡ್ರೋ, ಯಾರ್ ಮಾರ್ಕಂಡ್ರೋ. ಇದೊಂದೇ ಇನ್ನೂ ಕುಯ್ಲಾಗ್ದೆ ನಿಂತಿರೋದು.”

ಈಚೆಗೆ ಕಂಪನಿಯವರು ಆ ಸಿನಿಮಾವನ್ನು ಹೊಸ ಡಿಸ್ಕಿನಲ್ಲಿ ಬಿಡುಗಡೆ ಮಾಡಿದರು. ಬ್ಲೂ-ರೇ ಅಂತೆ, ಫೋರ್-ಕೆ ಅಂತೆ. ಒಂದೊಂದು ಚಿತ್ರವನ್ನೂ ಕಂಪ್ಯೂಟರಿನಲ್ಲಿ ತೊಳೆದು, ಬಣ್ಣ ತಿದ್ದಿ, ಕೂದಲೆಳೆಯೂ ಕಾಣುವಂತೆ ಮಾಡಿದ್ದೇವೆ ಎಂದು ಜಾಹೀರಾತು. ರಾಚಮ್ಮನ ಕಿವಿಗೆ ಅದು ಹೇಗೆ ಬಿತ್ತೋ, ಮಾರನೆಯ ದಿನವೇ ಅಂಗಡಿಗೆ ಬಂದಳು.

“ಸುಮ್ಕಿರು ರಾಚಕ್ಕ. ಇರೋ ಸಿಡಿ ಓಡ್ತದಲ್ಲ. ಇವರು ಏಳೋದೊಂದು, ಮಾಡೋದೊಂದು” ಅಂದೆ. ನನಗೆ ಇವರ ಜಾಹೀರಾತುಗಳ ರುಚಿ ಗೊತ್ತು.

“ಕೂದ್ಲೆಳೆ ಕಾಣ್ತದೆ ಅಂದ್ಮೇಲೆ ನನ್ ಚೇಳು ಕಾಣಕಿಲ್ವಾ? ತರ್ಸು” ಅಂದಳು.

ತರಿಸಿದೆ. ದೊಡ್ಡ ಟಿವಿ ಇದ್ದದ್ದು ಪುಟ್ಟಬಸಮ್ಮನ ಮನೆಯಲ್ಲಿ. ಅವಳ ಮಗ ಮಹದೇವಪ್ರಸಾದ್ ಗೋಡೆ ತುಂಬ ಒಂದನ್ನು ತಂದು ಹಾಕಿದ್ದ. ಒಂದು ಭಾನುವಾರ ನಾನು ಪ್ಲೇಯರನ್ನು ಸ್ಕೂಟರಿನಲ್ಲಿ ಕಟ್ಟಿಕೊಂಡು ಅಗರಕ್ಕೆ ಹೋದೆ. ರಾಚಮ್ಮ ಎಣ್ಣೆ ಹಚ್ಚಿ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ಕೋರ್ಟಿನಲ್ಲಿ ತೀರ್ಪು ಕೇಳಲು ಬಂದವಳ ಗತ್ತು.

ನಾಟಿಯ ಹಾಡು ಬಂತು. ಎಂಥ ಹಸಿರು, ಎಂಥ ನೀರು! ಪೈರಿನ ತುದಿಯ ಹನಿ ಕಾಣುತ್ತಿತ್ತು. ಕೈ ಬಂತು. ಬಳೆಯ ಮೇಲಿನ ಚುಕ್ಕಿ ಕಾಣುತ್ತಿತ್ತು, ಉಗುರಿನೊಳಗಿನ ಮಣ್ಣು ಕಾಣುತ್ತಿತ್ತು. ನಾನು ಅಲ್ಲೇ ನಿಲ್ಲಿಸಿದೆ. ಚಿತ್ರ ಒಂದಿಷ್ಟೂ ನಡುಗಲಿಲ್ಲ. ಮಣಿಕಟ್ಟಿನ ಹಿಂದೆ ಚೇಳು ಇರಲಿಲ್ಲ. ಆಗ ತಾನೇ ಸೋಪು ಹಾಕಿ ತೊಳೆದಂತೆ ನುಣ್ಣಗಿನ ಚರ್ಮ, ಬಣ್ಣವೂ ಒಂದು ಸುತ್ತು ಬೆಳ್ಳಗೆ.

“ನೋಡ್ದಾ ದೊಡ್ಡವ್ವ? ಅವ್ವ ಏಳಿದ್ದೇ ಸರಿ. ಬರೀ ಕೆಸರು” ಎಂದು ಮಹದೇವಪ್ರಸಾದ್ ನಕ್ಕ.

ರಾಚಮ್ಮ ಎದ್ದು ಟಿವಿಯ ಹತ್ತಿರ ಹೋಗಿ, ತನ್ನ ಕೈಯನ್ನು ಆ ಕೈಯ ಪಕ್ಕ ಹಿಡಿದಳು. ಇದನ್ನು ನೋಡಿದಳು, ಅದನ್ನು ನೋಡಿದಳು.

“ನಿನ್ ಸಿಡಿ ತಕ್ಕೊಂಡ್ ಬಾ ರಾಚಕ್ಕ, ಅದ್ರಲ್ಲಿ ಅದೆಯಲ್ಲ” ಅಂದೆ.

ಅವಳು ಹಿತ್ತಲ ಕಡೆಗೆ ಹೋದಳು. ಅಲ್ಲಿ ಮುಸುಕಿನ ಜೋಳ ಹಾಲುಗಾಳಾಗಿತ್ತು, ಗಿಳಿ ಕಾಟ. ನಮ್ಮ ಕಡೆ ಹಳೆಯ ಸಿಡಿಗಳಿಗೆ ಇರುವ ಗತಿ ಒಂದೇ: ದಾರ ಕಟ್ಟಿ ಹೊಲದಲ್ಲಿ ತೂಗುಹಾಕುವುದು, ಬಿಸಿಲಿಗೆ ಫಳಫಳ ಅಂದರೆ ಗಿಳಿ ಬರುವುದಿಲ್ಲ. ಹೊಸದು ಬರುತ್ತದಲ್ಲ, ಇನ್ನು ಇದ್ಯಾಕೆ ಅಂತ, ನನಗೆ ತರಿಸಲು ಹೇಳಿದ ದಿನವೇ ರಾಚಮ್ಮ ಅರಿಶಿನದ ಬಟ್ಟೆ ಬಿಚ್ಚಿ ಆ ಸಿಡಿಯನ್ನು ಜೋಳಕ್ಕೆ ಕಟ್ಟಿಬಿಟ್ಟಿದ್ದಳು.

“ಅಯ್ಯೋ ರಾಚಕ್ಕ! ಅದು ಬರೋಗಂಟನಾದ್ರೂ ಇಟ್ಕಬಾರ್ದಾ?” ಎಂದು ತಲೆ ಚಚ್ಚಿಕೊಂಡೆ. ದಾರದ ಸಮೇತ ಅವಳು ತಂದುಕೊಟ್ಟ ಸಿಡಿ ಬಿಸಿಲಿಗೆ ಬಿಳಚಿತ್ತು, ಮೈತುಂಬ ಗೀರು. ಅಂಗಿಯ ತುದಿಯಿಂದ ಒರೆಸಿ ಒರೆಸಿ ಹಾಕಿದೆ. ಪ್ಲೇಯರ್ ಕರಕರ ಅಂದು ಉಗುಳಿತು. ಮೊಬೈಲಿನಲ್ಲಿ ಹುಡುಕಿದರೆ, ಯಾರೋ ಹಿಂದೆ ಹಾಕಿದ್ದ ಹಳೆಯ ಪ್ರತಿಯನ್ನು ಕಂಪನಿಯವರೇ ತೆಗೆಸಿಹಾಕಿ ತೊಳೆದ ಕೈಯನ್ನೇ ಅಲ್ಲೂ ಇಟ್ಟಿದ್ದರು. ಎಂಥ ಜನ ಸ್ವಾಮಿ ಇವರು! ಕಾಣಿಸುತ್ತೇವೆ ಅಂತ ದುಡ್ಡು ತೆಗೆದುಕೊಂಡು ಇದ್ದದ್ದನ್ನೂ ಒರೆಸಿಬಿಡುವುದೇ?

ಮೈ ಉರಿದುಹೋಯಿತು. ಡಿಸ್ಕಿನ ಡಬ್ಬಿಯ ಮೇಲಿದ್ದ ನಂಬರಿಗೆ ಅಲ್ಲೇ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಯಾವನೋ ಹುಡುಗ ನಯವಾಗಿ ಮಾತಾಡಿದ.

“ಸರ್, ಆ ಶಾಟ್‌ನಲ್ಲಿ ಕೈ ಮೇಲೆ ಕೊಳೆ ಇತ್ತು. ಕ್ಲೀನ್ ಮಾಡಿದೀವಿ.”

“ಕೊಳೆಯಲ್ಲಪ್ಪ, ಅದು ಹಚ್ಚೆ. ಆ ಕೈ ನಿಮ್ಮ ನಾಯಕಿದಲ್ಲ. ಇಲ್ಲಿ ಅಗರದ ಹೆಣ್ಣುಮಗಳದು. ನನ್ನ ಮುಂದೇ ಕೂತಿದ್ದಾಳೆ.”

“ಹಾಗಂತ ನಮ್ಮಲ್ಲಿ ಎಲ್ಲೂ ಇಲ್ಲ ಸರ್. ಬೇರೆ ಸೀನ್‌ನಲ್ಲಿ ಮೇಡಂ ಕೈ ಕ್ಲೀನಾಗಿದೆ, ಅದಕ್ಕೆ ಮ್ಯಾಚ್ ಮಾಡಿದೀವಿ. ಎಲ್ಲರೂ ಚೆನ್ನಾಗಿದೆ ಅಂತಿದಾರೆ. ನಿಮ್ಮೊಬ್ಬರದೇ ಕಂಪ್ಲೇಂಟು.”

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ನನ್ನ ಕೈಯಲ್ಲಿರಲಿಲ್ಲ. ಅಲ್ಲಿಯವರೆಗೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ ಪುಟ್ಟಬಸಮ್ಮ ಅದನ್ನು ಕಿತ್ತುಕೊಂಡಿದ್ದಳು.

“ಯಾವನ್ಲಾ ಅವ್ನು ಕೊಳೆ ಅಂದೋನು? ಅದು ನಮ್ಮಕ್ಕನ ಕೈ ಕಣ್ಲಾ! ರಾಚಕ್ಕನ ಕೈ! ಅವತ್ತು ನಾನು ಪಕ್ಕದಲ್ಲೇ ಬಗ್ಗಿದ್ದೆ, ಈ ಕಣ್ಣಲ್ಲೇ ನೋಡಿವ್ನಿ. ಅದ್ರ ಮ್ಯಾಲೆ ಚೇಳದೆ, ಕೊಂಡಿ ಎತ್ಕಂಡದೆ! ನಾವು ನಾವು ಕೆಸ್ರು ಅಂತೀವಿ, ಚಕ್ಕುಲಿ ಅಂತೀವಿ, ಕಿತ್ತಾಡ್ಕತೀವಿ. ಅದು ನಮ್ಮನೆ ಜಗ್ಳ. ಒರ್ಸಾಕೆ ನೀನ್ಯಾವನ್ಲಾ? ನಿಮ್ಮವ್ವ ನಿಂಗ್ ಅನ್ನ ಇಕ್ಕಿದ್ ಕೈನೂ ಇಂಗೇ ತೊಳ್ದಾಕ್ಬುಡು, ಓಗು!”

ಆ ಕಡೆ ಫೋನ್ ಇಟ್ಟರು. ಮಹದೇವಪ್ರಸಾದ್ ಅವ್ವನ ಮುಖವನ್ನೇ ನೋಡುತ್ತಿದ್ದ.

“ಏನಂದೆ ಕಣಮ್ಮಿ?” ಎಂದಳು ರಾಚಮ್ಮ.

“ನಾನೇನೂ ಅನ್ನಿಲ್ಲ.”

“ಅಂದೆ. ಸಾಂತರಾಜು, ಕೇಳ್ದಲ್ಲಪ್ಪ?”

“ಕೇಳ್ದೆ ರಾಚಕ್ಕ.”

“ಇಷ್ಟ್ ಕಾಲ ಯಾಕಮ್ಮಿ ಒಪ್ನಿಲ್ಲ?”

ಪುಟ್ಟಬಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಆ ಸಾಲಲ್ಲಿ ನಾನೂ ಇದ್ನಲ್ಲಕ್ಕ. ನನ್ನ ಯಾರೂ ಕರೀನೇ ಇಲ್ಲ.”

ಪರದೆಯ ಮೇಲೆ ಆ ನುಣುಪು ಕೈ ಪೈರು ಹಿಡಿದು ಹಾಗೇ ನಿಂತಿತ್ತು. ರಾಚಮ್ಮ ತನ್ನ ಕೈಯನ್ನು ನನ್ನ ಮುಂದೆ ಚಾಚಿದಳು. ಸುಕ್ಕುಗಟ್ಟಿದ ಚರ್ಮದಲ್ಲಿ ಹಸಿರು ಚೇಳು ಮುದುರಿ ಕೂತಿತ್ತು, ಕೊಂಡಿ ಮಾತ್ರ ಎತ್ತಿಕೊಂಡೇ ಇತ್ತು.

“ಕೊಡಪ್ಪ ಆ ಹೊಸಾ ಡಿಸ್ಕ. ಜೋಳಕ್ಕೆ ಗಿಳಿ ಬತ್ತಾವೆ.”

ತೆಗೆದು ಕೊಟ್ಟೆ. ಇಬ್ಬರೂ ಹಿತ್ತಲಿಗೆ ಹೋದರು. ರಾಚಮ್ಮ ಡಿಸ್ಕನ್ನು ಎತ್ತಿ ಹಿಡಿದಳು, ದಾರ ಕಟ್ಟಿದವಳು ಪುಟ್ಟಬಸಮ್ಮ.