ಮಣೆಯ ಮೇಲೆ ಕುಳಿತ ಡಾಕ್ಟರಮ್ಮ

ಮೊನ್ನೆ ಆಡೂರಿಗೆ ಚಿಕ್ಕವ್ವನನ್ನು ನೋಡಲು ಹೋಗಿದ್ದೆ. ಬಾಗಿಲಲ್ಲೇ ಆಕೆಯ ಮಗಳು ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಅಕ್ಕಾ, ಅವ್ವಗ ಏನೂ ಹೇಳಬ್ಯಾಡ. ಬರೇ ಗ್ಯಾಸ್ ಅಂತ ಹೇಳೇವಿ." ಆಮೇಲೆ ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಗ್ಯಾಸ್ ಎಂಬ ಮಾತು ಕೇಳಿದ್ದೇ ತಡ, ನನಗೆ ಡಾಕ್ಟರಮ್ಮ ನೆನಪಾದರು.

ಅವರು ಮನೋವೈದ್ಯೆ, ಹಾನಗಲ್ಲಿನಲ್ಲಿ ದವಾಖಾನೆ. ಜನ ಕರೆಯುತ್ತಿದ್ದದ್ದು 'ಹುಚ್ಚರ ಡಾಕ್ಟರು' ಎಂದೇ. ನಿದ್ದೆ ಬಾರದೆಂದು ಬಂದ ಮುದುಕನೊಬ್ಬ, "ನನಗ ಹುಚ್ಚಿಲ್ರಿ, ಸಾಯಾಕತ್ತೇನಿ. ಮನ್ಯಾಗ ಯಾರೂ ಅದರ ಮಾತ ಎತ್ತಂಗಿಲ್ಲ" ಎಂದನಂತೆ. ಅಂದಿನಿಂದ ಸಾಯುವವರ ಮನೆಗೆ ತಾವೇ ಹೋಗತೊಡಗಿದರು. ಸವಣೂರು, ಶಿಗ್ಗಾಂವಿ, ಎಲ್ಲಿಂದ ಕರೆದರೂ ಬಸ್ಸು ಹತ್ತುತ್ತಿದ್ದರು. ನಮ್ಮ ಸೀಮೆಯಲ್ಲಿ ಆಗ ಅಂಥ ಡಾಕ್ಟರು ಇನ್ನೊಬ್ಬರಿರಲಿಲ್ಲ.

ಚಿಕ್ಕೇರೂರಿನಲ್ಲಿ ನಮ್ಮವ್ವ ಸಾಯುವ ಬೇನೆ ಬಿದ್ದಾಗ ನಾವೂ ಆಕೆಗೆ ಗ್ಯಾಸ್ ಎಂದೇ ಹೇಳಿದ್ದೆವು. ಆಕೆ ಊಟ, ನಿದ್ದೆ, ಮಾತು ಎಲ್ಲ ಬಿಟ್ಟಾಗ ಡಾಕ್ಟರಮ್ಮನನ್ನು ಕರೆಸಿದೆ. ಓಣಿಯವರು ಏನೆಂದಾರೋ ಎಂದು ಹಿತ್ತಲ ಬಾಗಿಲಿನಿಂದ ಕರೆತಂದ ಧೀರೆ ನಾನು! ಅವರು ಕುರ್ಚಿ ಒಲ್ಲೆನೆಂದು ಮಣೆ ಕೇಳಿದರು. "ಮಲಗಿದವರು ಎಲ್ಲಾರನ್ನೂ ಕತ್ತೆತ್ತಿ ನೋಡಿ ಸಾಕಾಗಿರ್ತಾರ. ನನ್ನನ್ನರ ಬಗ್ಗಿ ನೋಡ್ಲಿ" ಎಂದು ನೆಲದ ಮೇಲೆ ಕುಳಿತರು.

"ನಿಮಗೇನಾಗೇತಿ ಅನಸ್ತೈತ್ರಿ ಅವ್ವಾ?"

ಬಾಗಿಲಲ್ಲಿ ಚಹಾದ ಕಪ್ಪು ಹಿಡಿದಿದ್ದ ನಾನು ಬೇಡ ಬೇಡ ಎಂದು ಕೈ ಆಡಿಸಿದೆ. ಅವರು ಕಾಣದವರಂತೆ ಕುಳಿತೇ ಇದ್ದರು.

ಅವ್ವ ಅವರತ್ತ ಬಗ್ಗಿ ಬಾಯಿಬಿಟ್ಟಳು. "ಹೊಂಟೇನ್ರಿ ನಾನು. ಮಕ್ಕಳಿಗೆ ಹೇಳಬ್ಯಾಡ್ರಿ, ಜೀವ ಸಣ್ಣ ಮಾಡ್ಕೋತಾವ."

"ಯಾರನ್ನರ ನೋಡಬೇಕನಸ್ತೈತೇನ್ರಿ?"

"ನನ್ನ ತಂಗಿನ್ನ. ಮಾತು ಬಿಟ್ಟು ಹನ್ನೊಂದು ವರ್ಷಾತು. ಹೆಂಗ ಕರಸ್ಲಿ? ಆಕಿ ಬಂದ್ಲಂದ್ರ ಮಕ್ಕಳಿಗೆ ತಿಳದ ಬಿಡ್ತೈತಿ."

ಅಯ್ಯೋ, ಚಿಕ್ಕವ್ವ ಬಂದರೆ ಅವ್ವನಿಗೆ ತಿಳಿದುಬಿಡುತ್ತದೆಂದೇ ನಾನೂ ಆಕೆಯನ್ನು ಕರೆಸಿರಲಿಲ್ಲ! ಸುಡಲಿ ನನ್ನ ಶ್ಯಾಣ್ಯಾತನ. ಚಹಾ ಚೆಲ್ಲಿಕೊಂಡು ಒಳಗೆ ಹೋಗಿ ಅವ್ವನ ಕಾಲು ಹಿಡಿದು ಅತ್ತೆ.

ಮರುದಿನವೇ ಚಿಕ್ಕವ್ವ ಬಂದಳು. ಅವರ ಜಗಳವೆಲ್ಲ ಅಜ್ಜಿ ಹೊಲಿದ ಒಂದು ಕೌದಿಗಾಗಿ. ಅದನ್ನೇ ಕಂಕುಳಲ್ಲಿ ಹಿಡಿದು ತಂದು ಅವ್ವನಿಗೆ ಹೊದಿಸಿದಳು.

"ಅಂತೂ ತಂದಿ?" ಎಂದಳು ಅವ್ವ. "ಇನ್ನೆಷ್ಟು ದಿನದ ಥಂಡಿ ನಂದು? ನೀನ ಇಟ್ಕೋ."

ಒಂಬತ್ತು ದಿನ ಅಕ್ಕತಂಗಿಯರು ಅದೇ ಕೌದಿಯಲ್ಲಿ ಮಲಗಿ ಊರ ಮಂದಿಯನ್ನೆಲ್ಲ ಆಡಿಕೊಂಡು ನಕ್ಕರು. ಹತ್ತನೆಯ ದಿನ ಅವ್ವ ಹೋದಳು. ಈಗ ಡಾಕ್ಟರಮ್ಮನೂ ಇಲ್ಲ. ನನ್ನ ಚರ್ಮದಿಂದ ಚಪ್ಪಲಿ ಮಾಡಿ ಅವರಿಗೆ ಮೆಟ್ಟಿಸಿದ್ದರೂ ಆ ಒಂಬತ್ತು ದಿನದ ಋಣ ತೀರುತ್ತಿರಲಿಲ್ಲ.

ಮೊನ್ನೆ ನಾನು ಕುರ್ಚಿ ಸರಿಸಿ ತಂಗಿಗೆ, "ಒಂದು ಮಣಿ ಕೊಡವಾ" ಎಂದೆ. ಮಣೆಯ ಮೇಲೆ ಕುಳಿತ ನನ್ನನ್ನು ಚಿಕ್ಕವ್ವ ಬಗ್ಗಿ ನೋಡಿದಳು. ಮೈಮೇಲೆ ಅದೇ ಕೌದಿ.

"ಡಾಕ್ಟರಮ್ಮನಂಗ ಮಣಿ ಹಾಕ್ಕೊಂಡಿ? ಹಂಗಾರ ಇದು ಗ್ಯಾಸ್ ಅಲ್ಲನ್ನು," ಎಂದು ನಕ್ಕಳು.

ಬಾಗಿಲಲ್ಲಿ ತಂಗಿ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಳು. ನಾನು ಕಾಣದವಳಂತೆ ಕುಳಿತೆ.

"ಆಕಿನ್ನೂ ಒಳಗ ಕರಿ," ಎಂದಳು ಚಿಕ್ಕವ್ವ. "ಎಂಟು ದಿನಾತು, ಅಲ್ಲೇ ನಿಂತು ಅಳಾಕತ್ತಾಳ."