ನಮ್ಮೂರಿನ ದೊಡ್ಡ ಪಿಟೀಲು

ಸಂಗೀತವು ಮನುಷ್ಯನ ಮನಸ್ಸಿನಿಂದ ಮತ್ಸರವನ್ನು ತೊಳೆದುಹಾಕುತ್ತದೆ ಎಂದು ಬಲ್ಲವರು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. ಬಲ್ಲವರ ಎದುರುಮನೆಯ ಮಹಡಿಯಲ್ಲಿ ಇನ್ನೊಬ್ಬ ಸಂಗೀತದ ಮೇಷ್ಟ್ರು ಇರಲಿಲ್ಲವೆಂದು ಕಾಣುತ್ತದೆ. ನನಗೆ ಇದ್ದರು.

ಇದು ಈಗ ನೆನಪಾಗಲು ಕಾರಣ ನಿಜಲಿಂಗಪ್ಪ ಬಡಾವಣೆಯ ಒಂದು ಮೊಬೈಲ್ ರಿಪೇರಿ ಅಂಗಡಿ. ಹೋದ ವಾರ ಮಾತು ನಿಲ್ಲಿಸಿದ ನನ್ನ ಫೋನನ್ನು ಹಿಡಿದುಕೊಂಡು ಅಲ್ಲಿ ಕುಳಿತಿದ್ದೆ. ರಿಪೇರಿಯವನು ಕಾದ ಕಡ್ಡಿಯ ತುದಿಯನ್ನು ಒಂದು ಡಬ್ಬಿಯೊಳಗಿನ ಹಳದಿ ಅಂಟಿಗೆ ತಾಗಿಸಿದ. ತೆಳ್ಳಗೆ ಹೊಗೆ ಎದ್ದಿತು. ಪಿಟೀಲಿನ ಕಮಾನಿಗೆ ತಿಕ್ಕುತ್ತೇವಲ್ಲ, ಅದೇ ರಾಳದ ವಾಸನೆ...

"ಅಜ್ಜಾರೆ, ಹೊಗಿ ಬಡಿತೈತೆ, ಹಿಂದಕ್ ಸರೀರಿ" ಎಂದ ಅವನು. ನಾನು ಮುಂದಕ್ಕೆ ಸರಿದೆ.

ಐವತ್ತರ ದಶಕ ಶುರುವಾದಾಗ ದಾವಣಗೆರೆಯಲ್ಲಿ ಪಿಟೀಲು ಮೇಷ್ಟ್ರು ಎಂದರೆ ನಾನೊಬ್ಬನೇ. ಇದು ಜಂಬದ ಮಾತಲ್ಲ. ಬೇರೆ ಯಾರೂ ಇರಲಿಲ್ಲ. ಹತ್ತಿ ವ್ಯಾಪಾರದ ಮನೆಗಳ ಹೆಣ್ಣುಮಕ್ಕಳು ವರನ ಕಡೆಯವರು ನೋಡಲು ಬರುವ ದಿನಕ್ಕೆ ಎಷ್ಟು ಬೇಕೋ ಅಷ್ಟು ಸಂಗೀತವನ್ನು ನನ್ನಿಂದ ಕಲಿಯುತ್ತಿದ್ದರು. ವರ ಒಪ್ಪಿದ ಮರುದಿನ ಪಿಟೀಲು ಅಟ್ಟ ಸೇರುತ್ತಿತ್ತು. ಇದರ ಬಗ್ಗೆ ನನಗೆ ದೂರಿರಲಿಲ್ಲ. ಏಕೆಂದರೆ ವರ್ಷಕ್ಕೊಮ್ಮೆ ಗಣಪತಿ ಹಬ್ಬದಲ್ಲಿ ಮೈಸೂರು ಕಡೆಯಿಂದ ದೊಡ್ಡ ವಿದ್ವಾಂಸರು ಹಾಡಲು ಬರುತ್ತಿದ್ದರು. ಅವರ ಪಕ್ಕ ಕುಳಿತು ಪಿಟೀಲು ನುಡಿಸುವ ಜಾಗ ನನ್ನದು. ಜಮಖಾನದ ಆ ಒಂದು ಮೂಲೆಯನ್ನು ಬಿಟ್ಟರೆ ಈ ಭೂಮಿಯ ಮೇಲೆ ನನ್ನದೆನ್ನುವ ಬೇರೆ ಆಸ್ತಿ ಇರಲಿಲ್ಲ.

ಆಗ ಹರಿಹರಕ್ಕೆ ಅವರು ಬಂದರು.

ಮೈಸೂರಿನ ಅರಮನೆಯ ವಾದ್ಯವೃಂದದಲ್ಲಿ ನುಡಿಸಿದವರಂತೆ. ರಾಜರ ಕಾಲ ಮುಗಿದ ಮೇಲೆ ಹರಿಹರದಲ್ಲಿದ್ದ ಅಕ್ಕನ ಮನೆಗೆ ಬಂದು ನೆಲೆಸಿದ್ದರು. ಅವರು ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದರು. ತಾವು ನುಡಿಸುತ್ತಿದ್ದದ್ದು ಮಾತ್ರ ಚೆಲ್ಲೊ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯುವ ಎದೆಯೆತ್ತರದ ವಾದ್ಯ. ಊರಿನ ಬಾಯಿಗೆ ಆ ಹೆಸರು ಹೊರಳಲಿಲ್ಲ. ಕಂಡದ್ದನ್ನು ಕಂಡಂತೆ 'ದೊಡ್ಡ ಪಿಟೀಲು' ಎಂದಿತು. ಅವರು ದೊಡ್ಡ ಪಿಟೀಲು ಮೇಷ್ಟ್ರಾದರು. ಅಲ್ಲಿಗೆ ನಿಂತಿದ್ದರೆ ಚಿಂತೆಯಿರಲಿಲ್ಲ. ಅಷ್ಟು ವರ್ಷ ಬರೀ ಪಿಟೀಲು ಮೇಷ್ಟ್ರಾಗಿದ್ದ ನಾನು, ಕೂತ ಕಡೆಯೇ ಕೂತು, ಯಾವ ತಪ್ಪೂ ಮಾಡದೆ, ಸಣ್ಣ ಪಿಟೀಲು ಮೇಷ್ಟ್ರಾಗಿಬಿಟ್ಟೆ.

ಎತ್ತರದ ಆಳು. ಇಸ್ತ್ರಿ ಮಾಡಿದ ಕೋಟು. ನನ್ನ ಬಗ್ಗೆ ಎಲ್ಲಿಯೂ ಒಂದು ಕೆಟ್ಟ ಮಾತು ಆಡಲಿಲ್ಲ; ನಾಲ್ಕು ಕಡೆ ವಿಚಾರಿಸಿದ್ದೇನೆ. ಅದೊಂದನ್ನು ಸಹಿಸುವುದು ಬಹಳ ಕಷ್ಟವಾಯಿತು.

ಹರಿಹರದಲ್ಲಿ ನನಗೂ ಇಬ್ಬರು ಶಿಷ್ಯೆಯರಿದ್ದುದರಿಂದ ಒಮ್ಮೊಮ್ಮೆ ಒಂದೇ ಬಸ್ಸಿನಲ್ಲಿ ಸಿಕ್ಕಿಬೀಳುತ್ತಿದ್ದೆವು. ಮೊದಲ ಸಲ ಕಂಡಕ್ಟರ್ ಆ ವಾದ್ಯದ ಪೆಟ್ಟಿಗೆಯನ್ನು ಸುತ್ತಲೂ ನೋಡಿ, "ಇದಕ್ಕೂ ಟಿಕೀಟು ತಗೋಬೇಕಾಗ್ತೈತ್ರಿ" ಎಂದ. ಅವರು ಮರುಮಾತಾಡದೆ ಕೊಂಡರು. ಟಿಕೀಟು ಕೊಂಡ ಮೇಲೆ ಅದು ಪ್ರಯಾಣಿಕರಲ್ಲೊಬ್ಬರಾಯಿತು. ಕಿಟಕಿಯ ಪಕ್ಕ ಕುಳಿತು ಹತ್ತಿಯ ಹೊಲ ನೋಡುತ್ತಾ ಬಂತು. ಜಾಗವಿಲ್ಲದೆ ನಿಂತಿದ್ದ ನನಗೆ ಕಂಡಕ್ಟರ್ ಸಮಾಧಾನ ಹೇಳಿದ: "ನಿಮ್ದೇನ್ ಬಿಡ್ರಿ ಮೇಷ್ಟ್ರೇ, ಬಗಲಾಗ ಇಟ್ಕಂಡ್ರೆ ಆತು. ಸಣ್ಣದೈತಲ್ಲ."

ಅವರು ದಾವಣಗೆರೆಯಲ್ಲಿ ಪಾಠಕ್ಕೆಂದು ಹಿಡಿದ ಕೋಣೆ ನಮ್ಮ ಮನೆಯ ಎದುರಿನ ಸಾವ್ಕಾರರ ಮಹಡಿಯಲ್ಲಿತ್ತು. ಮಕ್ಕಳು ಬರುವ ಮುಂಚೆ, ಬೆಳಿಗ್ಗೆ, ತಮ್ಮ ಪಾಡಿಗೆ ತಾವು ಸ್ವಲ್ಪ ಹೊತ್ತು ನುಡಿಸುತ್ತಿದ್ದರು. ಅದು ನಮ್ಮ ಮನೆಯಲ್ಲಿ ರೊಟ್ಟಿಯ ಹೊತ್ತು. ನನ್ನ ಹೆಂಡತಿ ಜೋಳದ ರೊಟ್ಟಿ ತಟ್ಟುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಮದುವೆಯಾದಾಗಿನಿಂದ ನಾನು ನಡುಮನೆಯಲ್ಲಿ ಪಿಟೀಲು ಸಾಧನೆ ಮಾಡುತ್ತಿದ್ದೆ, ಅವಳು ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಒಬ್ಬರಿಂದ ಒಬ್ಬರಿಗೆ ಅಡ್ಡಿಯಾದದ್ದಿಲ್ಲ. ಎದುರಿನಿಂದ ಆ ದೊಡ್ಡ ತಂತಿ ಮೊದಲ ಸಲ ಮಿಡಿದ ದಿನ, ರೊಟ್ಟಿಯ ಸದ್ದು ನಡುವೆ ನಿಂತಿತು.

ಒಳಗೆ ಹೋಗಿ ನೋಡಿದೆ. ಕೈ ಹಿಟ್ಟಿನ ಮೇಲೆ ಹಾಗೇ ಇತ್ತು.

"ಎಮ್ಮಿ ಕರ ಕರೆದಂಗೈತಲ್ರೀ" ಎಂದಳು.

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಿಮರ್ಶೆಯೆಂದರೆ ಇದು ಎಂದುಕೊಂಡು ಅದನ್ನು ಇನ್ನೂ ನಾಲ್ಕು ಜನರಿಗೆ ಹೇಳುವ ಯೋಚನೆಯಲ್ಲಿ ಹೊರಗೆ ಹೊರಟೆ. ಬೆನ್ನ ಹಿಂದೆ ಅವಳು ಮಾತು ಮುಗಿಸಿದಳು: "ನೀವು ಪ್ಯಾಟ್ಯಾಗ ಬೆಳದೋರು, ಎಮ್ಮಿ ಕರ ಕರಿಯೋದು ಎಲ್ಲಿ ಕೇಳೀರಿ. ಆ ದನಿ ಕೇಳಿದ್ರೆ ಕರ ಹಗ್ಗ ಹರ್ಕಂಡು ಓಡಿ ಬರ್ತೈತೆ."

ಆಮೇಲೆ ಪ್ರತಿ ಸಲವೂ ಹೀಗೆಯೇ. ಅಲ್ಲಿ ಕಮಾನು ಎಳೆದರೆ ಇಲ್ಲಿ ರೊಟ್ಟಿ ನಿಲ್ಲುತ್ತಿತ್ತು. ಹೆಂಚಿನ ಮೇಲಿದ್ದದ್ದು ಕಪ್ಪಾಗುತ್ತಿತ್ತು. ಅದನ್ನು ನಾನು ತಿನ್ನುತ್ತಿದ್ದೆ.

ಒಂದು ವರ್ಷ ಹಬ್ಬ ಹತ್ತಿರ ಬಂದಾಗ ಸಾವ್ಕಾರರು ನನ್ನನ್ನು ಕರೆಸಿದರು. ಕಚೇರಿಯ ಖರ್ಚೆಲ್ಲ ಅವರದೇ. "ಈ ಸಲ ದೊಡ್ಡ ಪಿಟೀಲು ಕುಂದ್ರಿಸೋಣ್ರಿ ಮೇಷ್ಟ್ರೇ. ನಿಮ್ದು ವರ್ಷಾ ಕೇಳ್ತೀವಿ" ಎಂದರು. ಮನಸ್ಸಿನಲ್ಲಿ ಕೇಡಿಲ್ಲದ ಮನುಷ್ಯ. ಬೆಲ್ಲ ಕೊಟ್ಟಂತೆ ಹೇಳಿದರು. ನಾನು ನಿಧಾನವಾಗಿ ಒಂದು ಶಾಸ್ತ್ರದ ವಿಚಾರ ಎತ್ತಿದೆ. ಚೆಲ್ಲೊವನ್ನು ಕುರ್ಚಿಯ ಮೇಲೆ ಕುಳಿತೇ ನುಡಿಸಬೇಕು. ಹಾಡುವ ವಿದ್ವಾಂಸರು ಕೂರುವುದು ನೆಲದ ಮೇಲೆ. ಪಕ್ಕವಾದ್ಯದವನ ಮೊಣಕಾಲು ವಿದ್ವಾಂಸರ ಕಿವಿಯ ಮಟ್ಟದಲ್ಲಿದ್ದರೆ ಹೇಗೆ?

ಸಾವ್ಕಾರರು ಮೀಸೆ ಮುಟ್ಟಿಕೊಂಡರು. "ಹೌದಲ್ರೀ. ನೋಡಿದ್ ಮಂದಿ ನನ್ನ ಮಕಕ್ಕೆ ಉಗೀತಾರೆ."

ಆಕ್ಷೇಪಣೆ ನ್ಯಾಯವಾದದ್ದು. ಇವತ್ತಿಗೂ ಅದರಲ್ಲಿ ಒಂದಕ್ಷರ ಹಿಂದಕ್ಕೆ ತೆಗೆದುಕೊಳ್ಳಲಾರೆ. ದೊಡ್ಡ ಪಿಟೀಲು ಮೇಷ್ಟ್ರನ್ನು ಕರೆಸಿ ಹೇಳಿದಾಗ ಅವರೂ ನನ್ನ ಕಡೆಗೇ ವಾಲಿದರು. "ಇವರು ಹೇಳೋದು ಸರಿಯಾಗಿದೆ. ನಾನು ಮೇಲೆ ಕೂರೋದು ತಪ್ಪು" ಎಂದರು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ, "ಥಿಯೇಟರಿನಲ್ಲಿ ಆ ಗುಂಡಿ ಇದೆಯಲ್ಲ, ನಾನು ಅದರಲ್ಲಿ ಕೂತ್ಕೋತೀನಿ. ಇವರು ಎಂದಿನ ಹಾಗೆ ಮೇಲೇ ಇರಲಿ" ಎಂದರು.

ಹಬ್ಬದ ಕಚೇರಿ ನಡೆಯುತ್ತಿದ್ದದ್ದು ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ. ರಂಗದ ಮುಂದೆ, ಹಾರ್ಮೋನಿಯಂ ಮತ್ತು ತಬಲದವರು ಕೂರಲು, ಎದೆಯುದ್ದದ ಒಂದು ಗುಂಡಿ ತೋಡಿದ್ದರು. ಅರಮನೆಯಲ್ಲಿ ನುಡಿಸಿದ ಮನುಷ್ಯ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಅದರೊಳಗೆ ಇಳಿದು, ಒಂದು ಸ್ಟೂಲಿನ ಮೇಲೆ ಕುಳಿತರು. ಹೊರಗೆ ಕಾಣುತ್ತಿದ್ದದ್ದು ವಾದ್ಯದ ಕುತ್ತಿಗೆ ಮತ್ತು ಅವರ ನೆತ್ತಿ. ನಾನು ಜಮಖಾನದ ಮೇಲೆ, ನನ್ನ ಮೂಲೆಯಲ್ಲಿ, ಬಹಳ ಭದ್ರವಾಗಿ ಕುಳಿತೆ.

ವಿದ್ವಾಂಸರು ರಾಗ ಎತ್ತಿಕೊಂಡರು. ನಾನು ಹಿಂಬಾಲಿಸಿದೆ. ಸಭಿಕರು ಮಂಡಕ್ಕಿ ತಿನ್ನುತ್ತಾ ತಲೆದೂಗಿದರು. ಆಮೇಲೆ ಗುಂಡಿಯೊಳಗಿಂದ ಆ ದನಿ ಎದ್ದಿತು... ನೆಲವೇ ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ. ಹಿಂದಿನ ಸಾಲಿನವರಿಗೆ ಅದು ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ ಒಬ್ಬೊಬ್ಬರೇ ಎದ್ದು ನಿಂತರು. ಮಂಡಕ್ಕಿ ಕೈಯಲ್ಲೇ ಉಳಿಯಿತು. ವಿದ್ವಾಂಸರು ಮೊದಲು ಆ ಕಡೆ ಕಿವಿ ತಿರುಗಿಸಿದರು. ಆಮೇಲೆ ಕುತ್ತಿಗೆ. ಆಮೇಲೆ ಕೂತಲ್ಲಿಂದಲೇ ಜರುಗುತ್ತಾ ಜರುಗುತ್ತಾ ರಂಗದ ಅಂಚಿಗೆ ಹೋಗಿ, ಗುಂಡಿಯೊಳಗೆ ಬಗ್ಗಿ ಹಾಡತೊಡಗಿದರು. ಮೃದಂಗದವನೂ ಅವರ ಹಿಂದೆ ಜರುಗಿದ. ಇಡೀ ಜಮಖಾನ ನನ್ನೊಬ್ಬನಿಗೇ ಉಳಿಯಿತು. ಒಂದು ಮೂಲೆಗಾಗಿ ಹೋರಾಡಿದವನಿಗೆ ನಾಲ್ಕೂ ಮೂಲೆ ಸಿಕ್ಕವು.

ಹೆಂಗಸರ ಸಾಲು ಪಕ್ಕದಲ್ಲಿದ್ದುದರಿಂದ ನನ್ನ ಹೆಂಡತಿಗೆ ಗುಂಡಿಯ ಒಳಗೆಲ್ಲ ಕಂಡಿತ್ತು. ಕಚೇರಿ ಹೇಗಿತ್ತೆಂದು ಅವಳು ತಾನಾಗಿ ಹೇಳಲಿಲ್ಲ. ಮರುದಿನ ಉಣ್ಣುವಾಗ ಕೇಳಿದೆ.

"ನೀವು ಚಲೋ ಬಾರಿಸಿದ್ರಿ" ಎಂದಳು. ಪಲ್ಯ ಬಡಿಸಿದಳು. "ಅವರ ಕೋಟಿನ ಬೆನ್ನೆಲ್ಲ ತೊಯ್ದು ಹೋಗಿತ್ತು ನೋಡ್ರಿ. ಆ ಗುಂಡಿಯಾಗ ಗಾಳಿನೇ ಇಲ್ಲ. ಅಲ್ಲಿ ಕುಂದ್ರು ಅಂತ ಯಾರು ಹೇಳಿದ್ರೋ."

ನಾನು ಮಜ್ಜಿಗೆ ಕೇಳಿದೆ.

ಹಬ್ಬ ಕಳೆದು ಕೆಲವು ದಿನವಾಗಿತ್ತು. ಬೆಳಿಗ್ಗೆ ಅವರೇ ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದರೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, ಬಹಳ ಸಂಕೋಚದಿಂದ, "ಒಂದು ಮಾತು ಕೇಳಬೇಕಿತ್ತು ಸ್ವಾಮಿ. ನಾನು ನುಡಿಸೋಕೆ ಶುರು ಮಾಡಿದ ಕೂಡಲೇ ನಿಮ್ಮ ಮನೇಲಿ ರೊಟ್ಟಿ ಸದ್ದು ನಿಂತುಹೋಗುತ್ತೆ. ಮೊದಮೊದಲು ಗಮನಿಸಿರಲಿಲ್ಲ. ನಿಮ್ಮ ಮನೆಯವರಿಗೆ ನನ್ನ ಗಲಾಟೆಯಿಂದ ಬೇಜಾರಾಗ್ತಿರಬೇಕು. ಹಾಗಿದ್ದರೆ ಹೇಳಿಬಿಡಿ, ಈ ತಿಂಗಳಿಗೇ ಕೋಣೆ ಖಾಲಿ ಮಾಡ್ತೀನಿ. ಹರಿಹರದಲ್ಲೇ ನಾಲ್ಕು ಮಕ್ಕಳಿಗೆ ಹೇಳಿಕೊಂಡಿರ್ತೀನಿ" ಎಂದರು.

ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಒಂದು ನಿಟ್ಟುಸಿರು ಬಿಟ್ಟಿದ್ದರೆ ಸಾಕಿತ್ತು. ಜಮಖಾನ, ಶಿಷ್ಯರು, ಕಪ್ಪಾಗದ ರೊಟ್ಟಿ, ಎಲ್ಲವೂ ಆ ಒಂದು ಉಸಿರಿನಲ್ಲಿ ನನಗೆ ವಾಪಸು ಬರುತ್ತಿದ್ದವು. ನಿಟ್ಟುಸಿರನ್ನು ಎಳೆದುಕೊಂಡೂ ಇದ್ದೆ. ಆಗ ಗಮನಿಸಿದೆ: ಒಳಗೆ ರೊಟ್ಟಿಯ ಸದ್ದು ನಿಂತಿತ್ತು. ಅದು ನಿಂತಿರುವಾಗ ನಮ್ಮ ಮನೆಯಲ್ಲಿ ಸುಳ್ಳು ಹೇಳುವ ಪದ್ಧತಿ ಇರಲಿಲ್ಲ.

"ಬೇಜಾರಲ್ಲ" ಎಂದೆ. "ಕೇಳೋಕೆ ನಿಲ್ಲಿಸ್ತಾಳೆ."

ಅವರು ಕೋಟಿನ ಗುಂಡಿಯನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಒಳಗ ಬರ್ರಿ ಮೇಷ್ಟ್ರೇ, ರೊಟ್ಟಿ ಬಿಸಿ ಅದಾವ" ಎಂದಳು.

ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ. ಅವರು ಚಾಪೆಯ ಮೇಲೆ, ಮಡಿಸಲು ಬಾರದ ಮೊಣಕಾಲುಗಳನ್ನು ಎರಡು ದಿಕ್ಕಿಗೆ ಚಾಚಿಕೊಂಡು ಕುಳಿತರು. "ನಿಮ್ಮ ಹಾಗೆ ನೆಲದ ಮೇಲೆ ಕೂತು, ಹಾಡೋರ ಪಕ್ಕದಲ್ಲಿ, ಎಲ್ಲರ ಜೊತೆ ನುಡಿಸೋ ಭಾಗ್ಯ ನನಗೆ ಬರಲಿಲ್ಲ. ನಿಮ್ಮನ್ನ ನೋಡಿದಾಗಲೆಲ್ಲ ಹೊಟ್ಟೆಕಿಚ್ಚು" ಎಂದು ನಕ್ಕರು. ಊರಿನಲ್ಲಿ ಹೊಟ್ಟೆಕಿಚ್ಚೊಂದಾದರೂ ನನ್ನ ಸ್ವಂತದ್ದೆಂದು ನಾನು ತಿಳಿದಿದ್ದೆ. ಅದರಲ್ಲೂ ಪಾಲಿಗೆ ಬಂದರು.

ಕೋಣೆ ಖಾಲಿ ಮಾಡಲಿಲ್ಲ. ಅಂದಿನಿಂದ ಬೆಳಿಗ್ಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತೇ ನುಡಿಸಿದರು. ನಮ್ಮ ಮನೆಯ ಊಟ ತಡವಾಗುತ್ತಾ ಹೋಯಿತು... ಹಾಗೆ ಎಷ್ಟೋ ವರ್ಷ. ಅರವತ್ತರ ದಶಕದ ನಡುವಿನಲ್ಲಿ, ಹರಿಹರದ ಅಕ್ಕನ ಮನೆಯಲ್ಲಿ, ಜ್ವರ ಬಂದು ತೀರಿಕೊಂಡರು. ವಾದ್ಯವನ್ನು ಮೈಸೂರಿನ ಯಾರೋ ಕೊಂಡರು. ರೈಲಿನ ಸಾಮಾನಿನ ಡಬ್ಬಿಯಲ್ಲಿ ಹೋಯಿತು. ಈ ಸಲ ಅದಕ್ಕೆ ಕಿಟಕಿಯ ಪಕ್ಕದ ಜಾಗ ಸಿಗಲಿಲ್ಲ. ಅದನ್ನು ನೋಡಲು ಸ್ಟೇಷನ್ನಿಗೆ ಹೋಗಿದ್ದವರಲ್ಲಿ ನಾನೂ ಒಬ್ಬ.

ಊರು ನನ್ನನ್ನು ಸಣ್ಣ ಪಿಟೀಲು ಮೇಷ್ಟ್ರು ಎಂದೇ ಕರೆಯುತ್ತಾ ಬಂತು. ದೊಡ್ಡದು ಯಾವುದಿತ್ತು ಎಂದು ಈಗಿನವರು ಕೇಳುವುದಿಲ್ಲ.

ಅಂಗಡಿಯಲ್ಲಿ ಹೊಗೆ ಆರಿತು. ಫೋನು ಮತ್ತೆ ಮಾತಾಡತೊಡಗಿತು. "ಯಾರಿಗಾರ ಒಂದ್ ಕರೆ ಮಾಡಿ ನೋಡ್ರಿ ಅಜ್ಜಾರೆ" ಎಂದ ರಿಪೇರಿಯವನು. ಈ ವಾಸನೆಯ ಸುದ್ದಿಯನ್ನು ಯಾರಿಗೆ ಹೇಳಬಹುದಿತ್ತೋ ಆ ನನ್ನ ಹೆಂಡತಿ ಹೋಗಿ ಕೆಲವು ವರ್ಷಗಳಾದವು. ಚೆನ್ನಾಗಿದೆ ಎಂದು ಹೇಳಿ ಜೇಬಿಗೆ ಹಾಕಿಕೊಂಡೆ.

ದೊಡ್ಡ ಪಿಟೀಲು ಮೇಷ್ಟ್ರು ತೀರಿಕೊಂಡ ಮೇಲೂ ನಾನು ದಿನಾ ಬೆಳಿಗ್ಗೆ ನಡುಮನೆಯಲ್ಲಿ ಪಿಟೀಲು ನುಡಿಸಿದೆ. ಅವಳು ಒಳಗೆ ರೊಟ್ಟಿ ತಟ್ಟಿದಳು. ಸದ್ದು ನಡುವೆ ಒಮ್ಮೆಯೂ ನಿಲ್ಲಲಿಲ್ಲ.